ಕುಡಿತ ಬಿಟ್ಟ ದಿನಗಳ ಎಣಿಕೆ: ಸೋಮವಾರದ ಬಳಗಕ್ಕೊಂದು ಪಾಠ



ನಮ್ಮ ಮಠದ ದಾಸೋಹ ಮನೆಯ ಹಿಂದಿನ ಕೋಣೆಯಲ್ಲಿ ಪ್ರತಿ ಸೋಮವಾರ ಸಂಜೆ ಕುಡಿತ ಬಿಟ್ಟವರ ಬಳಗ ಸೇರುತ್ತಿರುವುದು ಅಕ್ಕಲಕೋಟ, ಜತ್ತ, ಸೊಲ್ಲಾಪುರ ಕಡೆಯ ಭಕ್ತರಿಗೆ ತಿಳಿದ ಸಂಗತಿಯೇ ಆಗಿದೆ. ಈ ಬಳಗದಲ್ಲಿ ಕೆಲವು ಪ್ರಶ್ನೆಗಳು ಪದೇ ಪದೇ ಬರುತ್ತಿವೆ. ಬಿಟ್ಟು ತಿಂಗಳಾಯಿತು, ಮೂರು ತಿಂಗಳಾಯಿತು, ವರ್ಷವಾಯಿತು ಎಂಬುದನ್ನು ಗುರುತಿಸುವುದು ಹೇಗೆ? ಸತ್ಕಾರ ಮಾಡಬೇಕೆ? ಪತ್ರಿಕೆಯಲ್ಲಿ ಹೆಸರು ಹಾಕಬೇಕೆ? ನಡುವೆ ಒಂದು ದಿನ ಕುಡಿದುಬಿಟ್ಟರೆ ಆ ಎಣಿಕೆಯ ಗತಿ ಏನು? ಇವುಗಳಿಗೆ ಉತ್ತರವನ್ನು ಪಾಠದ ರೂಪದಲ್ಲಿ ಬರೆಯಬೇಕೆಂದು ಪೂಜ್ಯರ ಅಪ್ಪಣೆಯಾಯಿತು.

ಬರೆಯುವವನು ವೈದ್ಯನಲ್ಲ, ಶಾಸ್ತ್ರ ಓದಿದವನೂ ಅಲ್ಲ. ಬಿ.ಕಾಂ. ಮುಗಿಸಿ ಮಠದ ಜಮಾ-ಖರ್ಚು ಬರೆಯುತ್ತಿರುವ ಕಾರ್ಯದರ್ಶಿ. ಎಣಿಕೆಯ ವಿಷಯವಾದ್ದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿರಬೇಕು. ಆದರೆ ಈ ಎಣಿಕೆಯಲ್ಲಿ ದೊಡ್ಡ ತಪ್ಪು ಮಾಡಿದವನೂ ನಾನೇ. ಪಾಠವನ್ನು ಆ ತಪ್ಪಿನಿಂದಲೇ ಆರಂಭಿಸುವುದು ಒಳ್ಳೆಯದು.

ಶಾಲಿನ ಪ್ರಸಂಗ

ನಮ್ಮ ಬಳಗದಲ್ಲಿ ಒಬ್ಬ ರೈತರಿದ್ದಾರೆ. ಐವತ್ತೈದು ದಾಟಿದವರು, ದಾಳಿಂಬೆ ತೋಟದವರು. ಅವರ ಒಪ್ಪಿಗೆ ಪಡೆದು, ಊರು-ಹೆಸರು ಬಿಟ್ಟು ಬರೆಯುತ್ತಿದ್ದೇನೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಇಪ್ಪತ್ತು ವರ್ಷದ ಕುಡಿತ ಬಿಟ್ಟು ಬಳಗಕ್ಕೆ ಬಂದ ಅವರ ಎಣಿಕೆ ಜಾತ್ರೆಯ ಹೊತ್ತಿಗೆ 270 ದಿನ ಆಗಿತ್ತು. ನನಗೆ ಹಿಗ್ಗೋ ಹಿಗ್ಗು. ಜಾತ್ರೆಯ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿಸಿ, ಧ್ವನಿವರ್ಧಕದಲ್ಲಿ ದಿನಗಳನ್ನು ಸಾರಿ ಹೇಳಿದೆ. ಭಾವಚಿತ್ರವಿದ್ದ ಬ್ಯಾನರು ಅಗಸಿಯಲ್ಲಿ ಕಟ್ಟಿಸಿದೆ. ಮುಂದಿನ ಸಂಚಿಕೆಯಲ್ಲಿ ಹೆಸರು ಸಹಿತ ಅಚ್ಚಾಯಿತು. ಮಾಡುವ ಮೊದಲು ಕಾಕಾನನ್ನು ಕೇಳಿದ್ದೆ. "ನಿಮ್ಮ ಇಚ್ಛಾರಿ ಸಾಹೇಬ್ರ" ಎಂದಿದ್ದರು. ಕಾಕಿಯನ್ನು ಕೇಳಲಿಲ್ಲ.

ಹದಿನೆಂಟು ದಿನ ಕಳೆಯಿತು. ದಾಳಿಂಬೆ ಮಾಲಿನ ವ್ಯವಹಾರ ಮುಗಿದ ರಾತ್ರಿಯ ಊಟದಲ್ಲಿ ಕಾಕಾ ಕುಡಿದರು. ಮರುದಿನ ಚಹದ ಅಂಗಡಿಯಲ್ಲಿ ಒಂದೇ ಮಾತು: "ಮಠದ ಶಾಲ ಹೊದ್ದಾಂವ ಕುಡದಾನ." ಕುಡಿದದ್ದಕ್ಕಿಂತ ಈ ಮಾತು ಹೆಚ್ಚು ಕೆಡಿಸಿತು. ಶಾಲು, ಬ್ಯಾನರು ಇರದಿದ್ದರೆ ಆ ಸೋಮವಾರವೇ ಬಂದು, "ತಪ್ಪಾತರೆಪಾ" ಎಂದು ಹೇಳಿ ನಮ್ಮ ನಡುವೆ ಕೂಡುತ್ತಿದ್ದರು. ಈಗ ಯಾವ ಮುಖ ಹೊತ್ತು ಬರಬೇಕು? ಬರಲಿಲ್ಲ. ಒಂದು ರಾತ್ರಿಯ ಕುಡಿತ ನಾಲ್ಕು ತಿಂಗಳ ಕುಡಿತವಾಯಿತು.

ಕೊನೆಗೆ ನಾನೇ ಅವರ ಮನೆಗೆ ಹೋದೆ. ಕಾಕಾ ಒಳಗಿನಿಂದ ಆ ಶಾಲನ್ನು ಮಡಚಿ ತಂದು ನನ್ನ ಮುಂದಿಟ್ಟರು.

"ಇದನ್ನ ಮಠಕ್ಕ ಒಯ್ದ ಬಿಡ್ರಿ ಸಾಹೇಬ್ರ. ನನಗ ಒಪ್ಪೂದಲ್ಲ ಇದು."

"ಕಾಕಾ, ಬರೂ ಸೋಮವಾರ ಬರ್ರಿ. ಮತ್ತ ಒಂದರಿಂದ ಸುರು ಮಾಡೂಣು."

"ಇನ್ನೂರಾ ಎಂಬತ್ತೆಂಟ ದಿನಾ ನೀರಾಗ ಹ್ವಾದ್ವು. ಮತ್ತ ಒಂದರಿಂದ ಎಣಸೂ ದಮ್ಮ ನನ್ನಾಗ ಉಳದಿಲ್ಲ."

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಕಾಕಿ ಒಳಗೆ ಹೋಗಿ ಹಳೆಯ ಕಾಲನಿರ್ಣಯ ಕ್ಯಾಲೆಂಡರು ತಂದರು. ಪುಟ ಪುಟಕ್ಕೂ ತಾರೀಖುಗಳ ಮೇಲೆ ಕುಂಕುಮದ ಸಣ್ಣ ಬೊಟ್ಟು. ಗಂಡ ಕುಡಿಯದೆ ಮನೆಗೆ ಬಂದ ಒಂದೊಂದು ರಾತ್ರಿಗೆ ಒಂದೊಂದು ಬೊಟ್ಟು ಇಟ್ಟಿದ್ದರು.

"ನಿಮ್ಮ ಬುಕ್ಕಿನ್ಯಾಗಿನ ಲೆಕ್ಕಾ ಹೋಗಿರಬೇಕು ತಮ್ಮಾ, ನಂದು ಹೋಗಿಲ್ಲ. ಇವು ನಾ ನಿದ್ದಿ ಮಾಡಿದ ರಾತ್ರಿಗೋಳು. ಇವನ್ನ ಯಾರ ಅಳಸ್ತಾರ?"

ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದ ನನಗೆ ಆ ದಿನ ಲೆಕ್ಕ ಕಲಿಸಿದವರು ಶಾಲೆ ಕಂಡರಿಯದ ಆ ತಾಯಿ. ಈ ಪಾಠದ ಸಾರವೆಲ್ಲ ಅವರ ಮಾತಿನಲ್ಲಿಯೇ ಇದೆ. ದಿನ ಗುರುತಿಸುವ ನಮ್ಮ ಕ್ರಮವು ಜಾರಿದವನು ಮರಳಿ ಬರುವ ಬಾಗಿಲನ್ನು ತೆರೆದಿಡಬೇಕು. ಬಾಗಿಲು ಮುಚ್ಚುವಂಥ ಗುರುತು ಎಷ್ಟೇ ವೈಭವದ್ದಾದರೂ ಬೇಡ.

ಎಣಿಕೆ ಎಲ್ಲಿಂದ ಬಂತು

ದಿನ ಎಣಿಸುವ ಈ ಪದ್ಧತಿ ಬಂದದ್ದು ಅಮೆರಿಕದಲ್ಲಿ 1935ರಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದಿಂದ. ಹೆಸರು ಹೊರಗೆಡಹದೆ ಒಂದೆಡೆ ಕೂಡಿ, ಪರಸ್ಪರರ ಆಸರೆಯಿಂದ ಕುಡಿತ ಬಿಡುವವರ ಸಂಘ ಅದು. ಎ.ಎ. ಎಂದು ಚಿಕ್ಕದಾಗಿ ಕರೆಯುತ್ತಾರೆ.

ಅದರ ಹುಟ್ಟಿನ ಕಥೆ ನಮ್ಮ ವ್ಯಾಪಾರಿ ಬಂಧುಗಳಿಗೆ ಸಹಜವಾಗಿ ಅರ್ಥವಾಗುವಂಥದು. ಬಿಲ್ ವಿಲ್ಸನ್ ಎಂಬವರು ನ್ಯೂಯಾರ್ಕಿನ ಶೇರು ಪೇಟೆಯಲ್ಲಿ ವ್ಯವಹಾರ ಮಾಡುತ್ತಿದ್ದವರು. 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟಿದ್ದರು. ಐದು ತಿಂಗಳ ನಂತರ, 1935ರ ಮೇ ತಿಂಗಳಲ್ಲಿ, ವ್ಯವಹಾರಕ್ಕೆಂದು ಓಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋದರು. ವ್ಯವಹಾರ ಮುರಿದುಬಿತ್ತು. ಪರಊರು, ಬರಿಗೈ, ಹೋಟೆಲಿನ ಒಂದು ಬದಿಗೆ ಮದ್ಯದ ಕೋಣೆಯ ಗದ್ದಲ. ಈಗ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಉಳಿಯುವುದಿಲ್ಲವೆಂದು ಅವರಿಗೆ ತಿಳಿಯಿತು. ಟೆಲಿಫೋನು ಹಿಡಿದು ವಿಚಾರಿಸುತ್ತ ಹೋಗಿ, ಕೊನೆಗೆ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರನ್ನು ಕಂಡರು. ಆ ವೈದ್ಯರೂ ಕುಡಿತದಿಂದ ಬಳಲುತ್ತಿದ್ದವರೇ. ಇಬ್ಬರೂ ತಾಸುಗಟ್ಟಲೆ ಮಾತನಾಡಿದರು. ವೈದ್ಯರು ಕುಡಿಯುವುದನ್ನು ನಿಲ್ಲಿಸಿದರು.

ಇಲ್ಲಿಯವರೆಗಿನ ಕಥೆ ಸರಳ. ಮುಂದಿನದನ್ನು ಲಕ್ಷ್ಯವಿಟ್ಟು ಓದಬೇಕು. ಕೆಲವೇ ವಾರಗಳಲ್ಲಿ ಆ ವೈದ್ಯರು ಬೇರೆ ಊರಿನಲ್ಲಿ ನಡೆದ ವೈದ್ಯರ ಸಮ್ಮೇಳನಕ್ಕೆ ಹೋಗಿ, ಮತ್ತೆ ಕುಡಿದು, ಮೈಮೇಲೆ ಎಚ್ಚರವಿಲ್ಲದೆ ಮನೆಗೆ ಮರಳಿದರು. ವಿಲ್ಸನ್ನರು ಅವರನ್ನು ಬಿಡಲಿಲ್ಲ, ಆರೈಕೆ ಮಾಡಿದರು. 1935ರ ಜೂನ್ 10ರಂದು ವೈದ್ಯರು ಕುಡಿದದ್ದೇ ಕೊನೆಯ ಸಲ. 1950ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ. ಎ.ಎ. ತನ್ನ ಹುಟ್ಟುಹಬ್ಬವೆಂದು ಲೆಕ್ಕ ಹಿಡಿಯುವುದು ಆ ಜೂನ್ 10ನ್ನೇ. ಅಂದರೆ, ಲೋಕದಲ್ಲೆಲ್ಲ ಹರಡಿದ ಆ ಸಂಸ್ಥೆಯ ಎಣಿಕೆ ಶುರುವಾದದ್ದೇ ಒಬ್ಬ ಸಂಸ್ಥಾಪಕರು ಜಾರಿ, ಎದ್ದು, ಎರಡನೆಯ ಸಲ ಒಂದರಿಂದ ಎಣಿಸಿದ ದಿನದಿಂದ. ಮೊದಲ ಸಲ ಜಾರಿದಾಗಲೇ ವಿಲ್ಸನ್ನರು, "ಇವರಿಂದ ಆಗದು" ಎಂದು ಗಂಟು ಕಟ್ಟಿ ಊರಿಗೆ ಹೊರಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನಾಣ್ಯದಂಥ ಬಿಲ್ಲೆ ಕೊಡುವ ರೂಢಿ ಅವರ ಬಳಗಗಳಲ್ಲಿ 1940ರ ದಶಕದಲ್ಲಿ ಬೆಳೆಯಿತು. ಮೊದಲ 24 ಗಂಟೆಗೆ ಒಂದು, 30 ದಿನಕ್ಕೆ, 90 ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಒಂದೊಂದು. ಇದು ಮೇಲಿನಿಂದ ಬಂದ ನಿಯಮವಲ್ಲ, ಆಯಾ ಬಳಗದವರು ತಾವೇ ಮಾಡಿಕೊಂಡದ್ದು. ಅದೇ ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಕ್ರೈಸ್ತ ಸಂನ್ಯಾಸಿನಿ ಇದ್ದರು. ಗುಣವಾಗಿ ಮನೆಗೆ ಹೊರಟವರ ಕೈಯಲ್ಲಿ ಅವರೊಂದು ಸಣ್ಣ ಪದಕ ಇಟ್ಟು, ಮತ್ತೆ ಕುಡಿಯುವ ಮನಸ್ಸಾದರೆ ಕುಡಿಯುವ ಮೊದಲು ಇದನ್ನು ತಂದು ನನಗೆ ಮರಳಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ಮರಳಿಸಲು ಬರುವಷ್ಟರಲ್ಲಿ ಮನಸ್ಸು ತಿರುಗೀತೆಂಬುದೇ ಅದರ ಹಿಂದಿನ ಜಾಣತನ.

ನಮ್ಮ ದೇಶಕ್ಕೆ ಎ.ಎ. ಬಂದದ್ದು 1957ರಲ್ಲಿ. ಸದಸ್ಯತ್ವಕ್ಕೆ ಅವರಲ್ಲಿ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಈ ಮಾತನ್ನು ನಮ್ಮ ಬಳಗವೂ ಗಂಟು ಹಾಕಿಕೊಳ್ಳಬೇಕು: ಬಿಟ್ಟವರಿಗೆ ಮಾತ್ರ ಬಾಗಿಲಲ್ಲ, ಬಿಡಬೇಕೆನ್ನುವವರಿಗೂ ಬಾಗಿಲು.

ನಮ್ಮ ನಾಡಿನ ದಾರಿ

ಇದೆಲ್ಲ ಪರದೇಶದ ಮಾತೆಂದು ಯಾರೂ ಭಾವಿಸಬಾರದು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜನರ ಮನೆಯಂಗಳದಲ್ಲಿ ನಿಂತು ಕಾಳು-ಕಡಿ ಬೇಡಲಿಲ್ಲ, ಕಾಸು ಬೇಡಲಿಲ್ಲ. "ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ" ಎಂದು ಬೇಡಿದರು. ಮಹಾಂತ ಜೋಳಿಗೆ ಎಂದು ಅದು ನಾಡಿನಲ್ಲೆಲ್ಲ ಹೆಸರಾಯಿತು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಅತ್ತಣ ಗಡಿಯ ಕಾಸರಗೋಡು ಜಿಲ್ಲೆಯ ಕನ್ನಡಿಗರಿಗೂ ಅದರ ಪರಿಚಯವಿದೆ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ನೂರು ದಿನ ತುಂಬಿದಾಗ ಶತದಿನೋತ್ಸವವೆಂದು ಎಲ್ಲರೂ ಒಂದೆಡೆ ಕೂಡುತ್ತಾರೆ. ನಮ್ಮ ಮಹಾರಾಷ್ಟ್ರದ ಕಡೆ ನೋಡಿದರೆ, ಪುಣೆಯಲ್ಲಿ ಡಾ. ಅನಿತಾ ಅವಚಟ ಮತ್ತು ಅನಿಲ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣ ಕೇಂದ್ರವಿದೆ. ದಾರಿಗಳು ಬೇರೆ ಬೇರೆ, ಸೇರುವ ಊರು ಒಂದೇ.

ರೈತ ಬಂಧುಗಳಿಗೆ ಅರ್ಥವಾಗುವಂತೆ ಹೇಳುವುದಾದರೆ, ಜೋಳಿಗೆಗೆ ಚಟ ಹಾಕುವುದು ಬಿತ್ತಿದಂತೆ. ಬಿತ್ತನೆ ಒಂದು ದಿನದ ಕೆಲಸ, ಎಡೆ ಹೊಡೆದು ಕಳೆ ತೆಗೆಯುವುದು ಹಂಗಾಮು ಪೂರ್ತಿ ನಡೆಯಬೇಕಾದ ಕೆಲಸ. ಪ್ರತಿಜ್ಞೆಯಾದ ಮೇಲೆ ಮಾಡುವ ಆ ಕಳೆಗೆಲಸವೇ ದಿನಗಳ ಎಣಿಕೆ.

ಯಾವ ದಿನಗಳನ್ನು ಗುರುತಿಸಬೇಕು, ಏಕೆ

ನಮ್ಮ ಬಳಗ ಈಗ ಆರು ಗುರುತುಗಳನ್ನು ಇಟ್ಟುಕೊಂಡಿದೆ: 1ನೆಯ ದಿನ, 7ನೆಯ ದಿನ, 30, 90, 180 ಮತ್ತು 365. ಇವು ಸುಮ್ಮನೆ ಆರಿಸಿದ ಅಂಕಿಗಳಲ್ಲ.

ಮೊದಲ ವಾರ ದೇಹದ್ದು. ಬಹಳ ದಿನದಿಂದ ನಿತ್ಯ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ 6 ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ, ನಿದ್ರೆಗೇಡು ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ತಾನೆಲ್ಲಿದ್ದೇನೆಂದು ತಿಳಿಯದೆ ಬಡಬಡಿಸುವುದು ಆಗಬಹುದು. ಇದು ಜೀವಕ್ಕೆ ಅಪಾಯ. ದೆವ್ವ ಹಿಡಿಯಿತೆಂದು ಅಲೆಯಬಾರದು, ಕೋಣೆಯಲ್ಲಿ ಕೂಡಿಹಾಕಬಾರದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆ ಏಳುತ್ತಲೇ ಕುಡಿಯುತ್ತಿದ್ದವರು ವೈದ್ಯರನ್ನು ಕಂಡ ಮೇಲೆಯೇ ನಿಲ್ಲಿಸಬೇಕು. ಆಸ್ಪತ್ರೆಯ ಕಾಗದಪತ್ರ ಮರಾಠಿಯಲ್ಲಿ ಇರುತ್ತವೆಂದು ಅಂಜುವ ಹಿರಿಯರ ಸಂಗಡ ಬಳಗದಿಂದ ಒಬ್ಬರು ಹೋಗುವ ಏರ್ಪಾಡು ಇದೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಇದಕ್ಕೆ ದುಡ್ಡು ಬೀಳುವುದಿಲ್ಲ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಗೊತ್ತಾಗದಂತೆ ಊಟದಲ್ಲಿ ಕುಡಿತ ಬಿಡಿಸುವ ಪುಡಿ ಕಲಸಿ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಡೈಸಲ್ಫಿರಾಮ್ ಎಂಬ ಔಷಧಿ ಇದ್ದುದು ನಿಜ. ಅದನ್ನು ತೆಗೆದುಕೊಂಡವರು ಕುಡಿದರೆ ಎದೆಬಡಿತ ಏರಿ, ವಾಂತಿಯಾಗಿ, ರಕ್ತದೊತ್ತಡ ಇಳಿದು ಪ್ರಾಣಕ್ಕೆ ಬರಬಹುದು. ರೋಗಿಗೆ ತಿಳಿಸಿ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಕೊಡಬೇಕಾದದ್ದನ್ನು ಸಾರಿನಲ್ಲಿ ಕಲಸುವುದು ಘೋರ ತಪ್ಪು.

ಮೊದಲ ಮೂರು ತಿಂಗಳು ಮನಸ್ಸಿನದು. ಬಿಟ್ಟವರಲ್ಲಿ ಹೆಚ್ಚಿನವರು ಜಾರುವುದು ಈ ಅವಧಿಯಲ್ಲೇ. ನಿದ್ರೆ ಸರಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಆದುದರಿಂದ ಗುರುತುಗಳು ಆರಂಭದಲ್ಲಿ ಹತ್ತಿರ ಹತ್ತಿರ ಇರಬೇಕು, ಮುಂದೆ ದೂರ ದೂರವಾಗಬೇಕು. ನಾವು ಮೊದಲು ಮಾಡುತ್ತಿದ್ದುದು ಇದಕ್ಕೆ ತಿರುವುಮುರುವು. ಏಳು ದಿನದವನನ್ನು ಯಾರೂ ಕೇಳುತ್ತಿರಲಿಲ್ಲ, ಒಂಬತ್ತು ತಿಂಗಳಿನವನಿಗೆ ಬ್ಯಾನರು. ಸಸಿಗೆ ನೀರಿಲ್ಲ, ಗಿಡಕ್ಕೆ ಕೊಡಗಟ್ಟಲೆ ನೀರು ಎಂಬಂತಾಗಿತ್ತು.

ವೈದ್ಯರೂ ಎಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಚಟದ ಲಕ್ಷಣಗಳು ಮೂರು ತಿಂಗಳು ಕಾಣದಿದ್ದರೆ ಆರಂಭದ ಗುಣ, ಹನ್ನೆರಡು ತಿಂಗಳು ಕಾಣದಿದ್ದರೆ ನಿಂತ ಗುಣ. ಕುಡಿಯಬೇಕೆಂಬ ಬಯಕೆಯೊಂದು ಉಳಿದಿದ್ದರೂ ಇದಕ್ಕೆ ಬಾಧಕವಿಲ್ಲವೆಂದು ಅವರೇ ಹೇಳುತ್ತಾರೆ. ವರ್ಷವಾದರೂ ಆಸೆ ಬರುತ್ತದಲ್ಲ ಎಂದು ತಮ್ಮನ್ನೇ ಹಳಿದುಕೊಳ್ಳುವವರು ಇದನ್ನು ಅರಿಯಬೇಕು.

ಗುರುತಿಸುವ ಕ್ರಮ

ಕಾಕಾನ ಪ್ರಸಂಗದ ಮೇಲೆ ಪೂಜ್ಯರ ಸನ್ನಿಧಿಯಲ್ಲಿ ಕುಳಿತು ಬಳಗದವರೇ ಗೊತ್ತುಮಾಡಿದ ಕ್ರಮ ಹೀಗಿದೆ. ಬೇರೆ ಊರುಗಳಲ್ಲಿ ಬಳಗ ಕಟ್ಟುವವರಿಗೂ ಉಪಯೋಗವಾದೀತು.

1. ಎಣಿಕೆಯನ್ನು ಅವರವರೇ ಹೇಳಬೇಕು. ಯಾರೂ ಸಾಕ್ಷಿ ಕೇಳಬಾರದು, ಬಾಯಿ ಮೂಸಿ ನೋಡಬಾರದು. ಎಣಿಕೆ ಹೇಳಲು ಮನಸ್ಸಿಲ್ಲದವರು "ಇವತ್ತು ಕುಡಿದಿಲ್ಲ" ಎಂದರೂ ಸಾಕು.

2. ಮೊದಲ ದಿನ ಬಂದವರಿಗೆ ಒಂದು ಸಣ್ಣ ವಿಭೂತಿ ಗಟ್ಟಿ ಕೊಡಲಾಗುವುದು. ಅದನ್ನು ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಕುಡಿಯುವ ಮನಸ್ಸಾದರೆ, ಕುಡಿಯುವ ಮೊದಲು, ಅದನ್ನು ಕೊಟ್ಟವರ ಮನೆಗೆ ಬಂದು ಅವರ ಕೈಗೆ ಮರಳಿಸಬೇಕು. ನಡುರಾತ್ರಿಯಾದರೂ ಬಾಗಿಲು ತೆಗೆಯುವುದು ಅವರ ಹೊಣೆ.

3. ಗುರುತನ್ನು ಕೊಡುವವರು ಪೂಜ್ಯರಲ್ಲ, ಕಾರ್ಯದರ್ಶಿಯಲ್ಲ, ಊರಿನ ಧುರೀಣರಲ್ಲ. ಏಳು ದಿನದವನಿಗೆ ಮೂವತ್ತು ದಿನದವನು, ಮೂವತ್ತರವನಿಗೆ ತೊಂಬತ್ತರವನು ಕೊಡಬೇಕು. ಹೊಸಬನಿಗೆ ವರ್ಷದ ಗುಡ್ಡ ಕಾಣುವುದು ಬೇಡ, ಮುಂದಿನ ಮೆಟ್ಟಿಲು ಕಂಡರೆ ಸಾಕು.

4. ಎಲ್ಲವೂ ಆ ಕೋಣೆಯೊಳಗೇ. ವೇದಿಕೆ, ಶಾಲು, ಹಾರ, ಬ್ಯಾನರು ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಗುಂಪುಗಳಿಗೆ ಕಳಿಸಕೂಡದು. ಈ ಪತ್ರಿಕೆಯಲ್ಲಿ ಇನ್ನು ಮುಂದೆ ಹೆಸರುಗಳು ಅಚ್ಚಾಗುವುದಿಲ್ಲ.

5. ಗುರುತು ಪಡೆದವರು ಐದು ನಿಮಿಷ ಮಾತನಾಡಬಹುದು. ಮೊದಲು ಹೇಗಿದ್ದೆ, ಏನಾಯಿತು, ಇವತ್ತು ಹೇಗಿದ್ದೇನೆ ಎಂಬ ಮೂರೇ ವಿಷಯ. ಉಪದೇಶ ಬೇಡ. ಅಂಗಡಿಯಲ್ಲಿ, ಕಚೇರಿಯಲ್ಲಿ ನಾವೆಲ್ಲ ಮರಾಠಿ ಆಡುವವರೇ, ಆದರೆ ಹೊಟ್ಟೆಯೊಳಗಿನ ಸಂಕಟ ಹೊರಬರುವುದು ತಾಯಿ ಕಲಿಸಿದ ಮಾತಿನಲ್ಲಿ. ಆಡುವವರಿಗೆ ಯಾವ ಭಾಷೆ ಬರುತ್ತದೋ ಅದರಲ್ಲಿ ಆಡಲಿ.

6. ವರ್ಷ ತುಂಬಿದ ದಿನ ಆ ಸದಸ್ಯರು ದಾಸೋಹದಲ್ಲಿ ಎಲ್ಲರಿಗೂ ಗೋದಿ ಹುಗ್ಗಿ ಬಡಿಸಬೇಕು. ಖರ್ಚು ಬಳಗದ್ದು, ಬಡಿಸುವ ಕೈ ಅವರದು. ಸತ್ಕಾರ ಮಾಡಿಸಿಕೊಂಡವನು ಎತ್ತರದಲ್ಲಿ ಕೂಡುತ್ತಾನೆ, ಬಡಿಸುವವನು ಪಂಕ್ತಿಯ ನಡುವೆ ಬಾಗುತ್ತಾನೆ. ನಮ್ಮ ಧರ್ಮ ದಾಸೋಹಕ್ಕೆ ಕೊಟ್ಟ ಸ್ಥಾನ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

7. ಆ ದಿನ ಮಠಕ್ಕೆ ಕಾಣಿಕೆ, ದೇಣಿಗೆ ಸ್ವೀಕರಿಸಲಾಗದು. ಕುಡಿತ ಬಿಟ್ಟದ್ದಕ್ಕೆ ಮಠ ಲಾಭ ಪಡೆಯಿತೆಂಬ ಮಾತು ಬರಬಾರದು.

8. ಗುರುತಿನ ದಿನದ ಮುಂದಿನ ಮೂರು ವಾರ ಒಬ್ಬ ಜೊತೆಗಾರರು ದಿನಾಲೂ ಆ ಸದಸ್ಯರನ್ನು ಮಾತನಾಡಿಸಬೇಕು. "ಗೆದ್ದೆ" ಎಂದುಕೊಂಡ ಹೊತ್ತಿನಲ್ಲಿ ಕಾಲು ಜಾರುವುದನ್ನು ಕಣ್ಣಾರೆ ಕಂಡಿದ್ದೇವೆ. ಕಬ್ಬಿನ ಬಿಲ್ಲು ಬಂದ ದಿನ, ಅಡತಿ ಅಂಗಡಿಯ ಹಿಸೇಬು ಮುಗಿದ ರಾತ್ರಿ, ಮದುವೆಯ ಮೆರವಣಿಗೆ, ಕಾರಹುಣ್ಣಿಮೆ, ಚುನಾವಣೆ, ಇವೆಲ್ಲ ಎಚ್ಚರದ ದಿನಗಳು. ಗಡಿಯ ಒಂದು ಬದಿಗೆ ಅಂಗಡಿ ಮುಚ್ಚಿದರೆ ಇನ್ನೊಂದು ಬದಿಗೆ ತೆರೆದಿರುತ್ತದೆಂಬುದು ನಮಗೆ ಹೊಸದಲ್ಲ. ವ್ಯಾಪಾರಿ ಬಂಧುಗಳಲ್ಲಿ ಒಂದು ವಿನಂತಿ: ವ್ಯವಹಾರ ಮುಗಿಸುವ ಊಟವನ್ನು ಚಹ-ಫಳಾರದಲ್ಲಿ ಮುಗಿಸುವ ಪದ್ಧತಿಯನ್ನು ನೀವೇ ಹಾಕಿಕೊಡಬೇಕು.

ಜಾರಿದವರ ಲೆಕ್ಕ

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಜಾರಿದರೆ ಎಣಿಕೆ ಎಲ್ಲಿಂದ?

ಕೆಲವರು, "ಒಂದೇ ದಿನವಲ್ಲವೇ, ಬಿಟ್ಟು ಮುಂದುವರಿಯೋಣ" ಎನ್ನುತ್ತಾರೆ. ಅದು ಸರಿಯಲ್ಲ. ಸುಳ್ಳು ಎಣಿಕೆ ಖೊಟ್ಟಿ ಕಿರ್ದಿ ಇದ್ದಂತೆ. ಬರೆದವನಿಗೆ ಅದು ಗೊತ್ತಿರುತ್ತದೆ, ಆ ಮುಚ್ಚುಮರೆಯೇ ಅವನನ್ನು ಮತ್ತೆ ಬಾಟಲಿಯ ಕಡೆ ನೂಕುತ್ತದೆ. ಎಣಿಕೆ ಒಂದರಿಂದಲೇ ಆಗಬೇಕು.

ಇನ್ನು ಕೆಲವರು, "ಹಿಂದಿನದೆಲ್ಲ ಹೋಯಿತು" ಎನ್ನುತ್ತಾರೆ. ಅದೂ ಸರಿಯಲ್ಲ. ಲೆಕ್ಕ ಬರೆಯುವವನಾಗಿ ನಾನು ಇದನ್ನು ಖಂಡಿತವಾಗಿ ಹೇಳಬಲ್ಲೆ. ಈ ಸಾಲಿನಲ್ಲಿ ನಷ್ಟ ಬಂದಿತೆಂದು ಹೋದ ಸಾಲಿನ ಲಾಭವನ್ನು ಯಾವ ಗುಮಾಸ್ತನೂ ಹಳೆಯ ಕಿರ್ದಿಯಿಂದ ಹೊಡೆದುಹಾಕುವುದಿಲ್ಲ. ಆ ಲಾಭದಿಂದ ಸಾಲ ತೀರಿತ್ತು, ಮಗಳ ಶಾಲೆಯ ಫೀ ಕಟ್ಟಿತ್ತು, ಮನೆಯವರು ಉಂಡಿದ್ದರು. ಅದು ಆಗಿಹೋದ ಸತ್ಯ.

ಆದುದರಿಂದ ಬಳಗದ ವಹಿಯಲ್ಲಿ ಈಗ ಎರಡು ಕಲಮುಗಳಿವೆ. ಒಂದು, ಈಗಿನ ಎಣಿಕೆ. ಎರಡು, ಬಳಗಕ್ಕೆ ಬಂದಾಗಿನಿಂದ ಒಟ್ಟು ಕುಡಿಯದ ದಿನಗಳು. ಕಾಕಾನ ಲೆಕ್ಕವನ್ನೇ ನೋಡಿ. ಮೊದಲ ಸಲ 288 ದಿನ. ಆಮೇಲೆ ಜಾರಿದ 118 ದಿನ. ಮರಳಿ ಬಂದ ಮೇಲೆ, ಇದನ್ನು ಬರೆಯುವ ಹೊತ್ತಿಗೆ, 41 ದಿನ. ಈಗಿನ ಎಣಿಕೆ 41 ಮಾತ್ರ. ಆದರೆ ಒಟ್ಟು 447 ದಿನಗಳಲ್ಲಿ 329 ದಿನ ಕುಡಿಯದವು. ಇಪ್ಪತ್ತು ವರ್ಷ ದಿನವೂ ಕುಡಿದವರ ಬಾಳಿನಲ್ಲಿ 329 ರಾತ್ರಿಗಳು. ನೀರಿನಲ್ಲಿ ಹೋದದ್ದು ಯಾವುದು?

ಜಾರಿದವರು ಮರಳಿ ಬಂದಾಗ ಬಳಗ ಕೇಳಬೇಕಾದ ಪ್ರಶ್ನೆಯೂ ಬದಲಾಗಿದೆ. "ಯಾಕೆ ಕುಡಿದೆ?" ಎಂದು ಕೇಳುವುದಿಲ್ಲ. ಆ ದಿನ ಎಲ್ಲಿದ್ದಿರಿ, ಸಂಗಡ ಯಾರಿದ್ದರು, ಊಟ-ನಿದ್ದೆ ಆಗಿತ್ತೇ, ವಿಭೂತಿ ಗಟ್ಟಿ ಕಿಸೆಯಲ್ಲಿತ್ತೇ ಎಂದು ಕೇಳುತ್ತೇವೆ. ಬಾವಿಯಲ್ಲಿ ಬಿದ್ದವನನ್ನು ಮೇಲೆತ್ತಿದ ಮೇಲೆ ಬೈಯುವುದಕ್ಕಿಂತ ಬಾವಿಗೆ ಕಟ್ಟೆ ಕಟ್ಟುವುದು ಮೇಲು.

ಮನೆಯವರ ಲೆಕ್ಕ

ಗುರುತಿಸುವ ದಿನ ಹೆಂಡತಿ-ಮಕ್ಕಳನ್ನು ಕರೆಯುವ ಮೊದಲು ಅವರ ಮನಸ್ಸು ಕೇಳಬೇಕು. ಬಳಗದ ಮುಂದೆ ನಿಲ್ಲಿಸಿ, "ಈಗ ಸುಖವಾಗಿದ್ದೀರಲ್ಲ, ಎರಡು ಮಾತು ಹೇಳಿರಿ" ಎಂದು ಒತ್ತಾಯಿಸಬಾರದು. ಹೊಡೆತ ತಿಂದವರ ಗಾಯ ಗಂಡನ ಎಣಿಕೆಯಂತೆ ಮೂವತ್ತನೆಯ ದಿನಕ್ಕೆ ಮಾಯುವುದಿಲ್ಲ. ಎ.ಎ. ಜೊತೆಗೇ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಬಳಗವು 1951ರಲ್ಲಿ ಹುಟ್ಟಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿಯೂ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮಧ್ಯಾಹ್ನ, ತಾಯಂದಿರು ತಾವೇ ಕೂಡಲು ಆರಂಭಿಸಿದ್ದಾರೆ. ಕಾಕಿ ಅದರ ಹಿರಿಯರು. ಅಲ್ಲಿ ಕಾರ್ಯದರ್ಶಿಗೆ ಪ್ರವೇಶವಿಲ್ಲ.

ಮರಳಿ ಬರುವ ಬಾಗಿಲು

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬರು. ಹೆಂಡ ಮಾರುತ್ತಿದ್ದ ಅವರು ಶರಣರ ಸಂಗಕ್ಕೆ ಬಂದರೆಂದೂ, ಬಂದ ಗಿರಾಕಿಗಳಿಗೆ ಕುಡಿತ ಬಿಡಿರೆಂದು ತಿಳಿಹೇಳುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ ವಚನಗಳು ಉಳಿದಿವೆ. ಹೆಂಡದ ಗಡಿಗೆ ಹೊತ್ತ ಕೈಯವರನ್ನು ಶರಣರು ಹೊರಗೆ ನಿಲ್ಲಿಸಲಿಲ್ಲ. ಅವರ ಹೆಸರಿನ ಹಿಂದೆ ಇಂದಿಗೂ ಹೆಂಡವಿದೆ. ಯಾರೂ ಅದನ್ನು ಅಳಿಸಲು ಹೋಗಲಿಲ್ಲ, ಅದರಿಂದ ಅವರ ಶರಣತ್ವಕ್ಕೆ ಊನವೂ ಬರಲಿಲ್ಲ. ಹಾಗಿರುವಾಗ ನಾಲ್ಕು ತಿಂಗಳು ಜಾರಿದ ರೈತನೊಬ್ಬನಿಗೆ ನಮ್ಮ ಕೋಣೆಯಲ್ಲಿ ಚಾಪೆ ಇಲ್ಲವೆಂದರೆ, ನಾವು ಯಾವ ಮಂಟಪದ ವಾರಸುದಾರರು?

ಆ ಶಾಲು ಏನಾಯಿತೆಂದು ಕೆಲವರು ಕೇಳುತ್ತಾರೆ. ಕಾಕಾ ಅದನ್ನು ಮನೆಗೆ ಒಯ್ದಿಲ್ಲ, ನಾನೂ ಮಠದ ಪೆಟ್ಟಿಗೆಗೆ ಸೇರಿಸಿಲ್ಲ. ಕೋಣೆಯ ಗೂಡಿನಲ್ಲಿ ಮಡಚಿ ಇಟ್ಟಿದೆ. ಮೊನ್ನೆ ಸೋಮವಾರ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಮೊದಲ ಸಲ ಬಂದ. ಬಿಟ್ಟು ಒಂದೇ ದಿನವಾಗಿತ್ತು, ಮೈಯೆಲ್ಲ ನಡುಗುತ್ತಿತ್ತು. ಕಾಕಾ ಎದ್ದು, ಗೂಡಿನಿಂದ ಶಾಲು ತೆಗೆದು ಅವನಿಗೆ ಹೊದಿಸಿ, "ಏಳ ತಮ್ಮಾ, ಮೊದಲ ದವಾಖಾನಿಗೆ ಹೋಗೂಣು. ಎಣಿಕಿ ಆಮ್ಯಾಲ" ಎಂದು ಕೈಹಿಡಿದು ಕರೆದೊಯ್ದರು.

ಶಾಲು ಹೊದಿಸಬೇಕಾದ ದಿನ ಯಾವುದೆಂದು ನನಗೆ ಆಗ ತಿಳಿಯಿತು.

ಮನನಕ್ಕೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಕುಡಿತ ಬಿಟ್ಟವರನ್ನು ನಾವು ಹೊಗಳುವ ರೀತಿ ಅವರಿಗೆ ಆಸರೆಯಾಗಿದೆಯೇ, ಹೊರೆಯಾಗಿದೆಯೇ?

2. ಒಮ್ಮೆ ಜಾರಿದವರ ಬಗ್ಗೆ ಚಹದ ಅಂಗಡಿಯಲ್ಲಿ ಮಾತು ಬಂದಾಗ ನಾನು ಏನು ಹೇಳುತ್ತೇನೆ?

3. ನನ್ನ ವ್ಯವಹಾರದ ಊಟಗಳಲ್ಲಿ ಬಾಟಲಿ ಇಲ್ಲದೆ ನಡೆಯಬಹುದಾದವು ಎಷ್ಟು?

4. ಮನೆಯಲ್ಲಿ ಯಾರಾದರೂ, ಯಾರಿಗೂ ಹೇಳದೆ, ಕ್ಯಾಲೆಂಡರಿನ ಮೇಲೆ ಬೊಟ್ಟು ಇಡುತ್ತಿದ್ದಾರೆಯೇ?

ಸೋಮವಾರ ಸಂಜೆ ಏಳಕ್ಕೆ, ಹಾಲು ಹಿಂಡಿ ಮುಗಿದ ಮೇಲೆ, ದಾಸೋಹ ಮನೆಯ ಹಿಂದಿನ ಬಾಗಿಲು ತೆರೆದಿರುತ್ತದೆ. ಎಷ್ಟನೆಯ ದಿನವಾದರೂ ಬನ್ನಿರಿ. ಮೊದಲನೆಯ ದಿನವಾದರೆ ತಪ್ಪದೆ ಬನ್ನಿರಿ.

ಶರಣು ಶರಣಾರ್ಥಿ.

ಕಾರ್ಯದರ್ಶಿ